ದೊಡ್ಡಪ್ಪನ ಮಗನ ತಡೆ

ಬದ್ರಿಯಾ ಎಮ್ಮೆ ಕರೆದು, ಹಾಲನ್ನು ಕೆನೆಗಟ್ಟಲು ಇಟ್ಟು, ರೊಟ್ಟಿ ಬಡಿಯುವ ಹೊತ್ತಿಗೆ ಅಣ್ಣ ಮಜೀದನ ಮನೆಯವರು ಏಳುತ್ತಿದ್ದರು. ಅಣ್ಣನ ಮಕ್ಕಳನ್ನೆಲ್ಲ ಎತ್ತಿ ಆಡಿಸಿದವಳು ಅವಳೇ. ಸ್ವಂತಕ್ಕೆ ಮಕ್ಕಳಿರಲಿಲ್ಲ, ಗಂಡನೂ ಇರಲಿಲ್ಲ. ಹರೆಯದಲ್ಲಿ ನಾಸಿರಿಯಾ ಪಟ್ಟಣದ ಮೇಷ್ಟ್ರೊಬ್ಬ ಅವಳನ್ನು ಕೇಳಿಕೊಂಡು ಬಂದಿದ್ದ, ಅವಳಿಗೂ ಮನಸ್ಸಿತ್ತು. ಆಗ ದೊಡ್ಡಪ್ಪನ ಮಗ ಚಾಸಿಬ್ ಹೊಸ್ತಿಲಲ್ಲಿ ನಿಂತು ‘ತಡೆ’ ಎಂದುಬಿಟ್ಟ. ಅವರ ಕುಲದಲ್ಲಿ ಹುಡುಗಿಯನ್ನು ಮದುವೆಯಾಗುವ ಮೊದಲ ಹಕ್ಕು ತಂದೆ ಕಡೆಯ ದಾಯಾದಿ ಹುಡುಗರದು; ಆ ಮಾತು ಬಿದ್ದ ಮೇಲೆ ಅವಳನ್ನು ಬೇರೆ ಯಾರೂ ಕಟ್ಟಿಕೊಳ್ಳುವಂತಿಲ್ಲ. ಮೀರಿದರೆ ಬಂದೂಕು ಮಾತಾಡುತ್ತದೆ. ಮೇಷ್ಟ್ರು ಹಿಂದೆ ಸರಿದ. ಚಾಸಿಬ್ ಬಸ್ರಾದಿಂದ ಬೇರೆ ಹೆಣ್ಣು ತಂದು ಸಂಸಾರ ಹೂಡಿದ, ತಡೆಯನ್ನು ಮಾತ್ರ ತೆಗೆಯಲಿಲ್ಲ. ತಾನೂ ತಿನ್ನ, ಪರರಿಗೂ ಕೊಡ.

ಈಗ ಮಜೀದನ ಮಗಳು ಸುಹಾದಳ ಸರದಿ. ನರ್ಸ್ ಕೆಲಸದಲ್ಲಿದ್ದ ಅವಳನ್ನು ಔಷಧಿ ಅಂಗಡಿಯ ಹುಡುಗ ಕೇಳಿದಾಗ, ಚಾಸಿಬನ ಮಗ ಬಂದು ಅದೇ ಮಾತಾಡಿದ.

“ಅಜ್ಜಂದಿರ ಕಾಲದ್ದು ಕಣೇ,” ಎಂದ ಮಜೀದ್ ಮಗಳಿಗೆ. “ಮುರಿದ್ರೆ ನಾಳೆ ನಮ್ಮ ಜೊತೆ ಕೂತು ಯಾರೂ ಉಣ್ಣಲ್ಲ.”

ಸುಹಾದ್ ಅಳಲಿಲ್ಲ. ಆಸ್ಪತ್ರೆಗೆ ಹೋಗುವುದನ್ನು ಬಿಟ್ಟಳು. ಒಂದು ಬೆಳಿಗ್ಗೆ ತಾನಾಗಿ ಬಂದು ಎಮ್ಮೆ ಕರೆಯಲು ಕೂತಳು. ಬದ್ರಿಯಾ ಅದನ್ನು ಕಂಡಳು. ಅವಳ ಕೈಯಿಂದ ಪಾತ್ರೆ ಕಿತ್ತಿಟ್ಟು, ಕಪ್ಪು ಹೊದಿಕೆ ಹೊದ್ದು, ನೆಟ್ಟಗೆ ಕುಲದ ಮುಖಂಡ ಶೇಖ್‌ರ ಚಾವಡಿಗೆ ನಡೆದಳು.

ಆ ಜೊಂಡಿನ ಚಾವಡಿಯೊಳಗೆ ಹೆಂಗಸು ಕಾಲಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಸಾಲಾಗಿ ಕೂತಿದ್ದ ಚಾಸಿಬ್, ಅವನ ಮಗ, ಉಳಿದ ಗಂಡಸರು ಗುಸುಗುಸು ಆರಂಭಿಸಿದರು. ಬದ್ರಿಯಾ ಸಾಲಿನಲ್ಲಿ ಜಾಗ ಮಾಡಿಕೊಂಡು ಕೂತಳು. ಕೂತವರಿಗೆ ಕಾಫಿ ಕೊಡದಿರುವುದು ಚಾವಡಿಗೇ ಅವಮಾನ; ಮುದಿ ಶೇಖ್ ಕಣ್ಸನ್ನೆ ಮಾಡಿದರು. ಅವಳು ಬಟ್ಟಲು ಇಸಿದುಕೊಂಡು, ಕುಡಿಯದೆ ನೆಲಕ್ಕಿಟ್ಟಳು. ಬೇಡಿಕೆ ಹೊತ್ತು ಬಂದ ಗಂಡಸರು ಮಾಡುವುದೂ ಹಾಗೆಯೇ. ಕೇಳಿದ್ದನ್ನು ಕೊಟ್ಟೆವು ಎನ್ನುವವರೆಗೆ ಬಟ್ಟಲಿಗೆ ಬಾಯಿ ಹಚ್ಚುವುದಿಲ್ಲ.

“ಹೇಳಮ್ಮ,” ಎಂದರು ಶೇಖ್.

ಸುಹಾದಳ ತಡೆ ತೆಗೆಯಬೇಕೆಂದಳು. ಮದುವೆಗೆ ಹುಡುಗಿಯ ಒಪ್ಪಿಗೆ ಬೇಕೆಂದು ಧರ್ಮವೇ ಹೇಳುವಾಗ, ಒಪ್ಪಿದವಳನ್ನು ತಡೆಯಲು ಇವರು ಯಾರು ಎಂದು ಕೇಳಿದಳು.

ಚಾಸಿಬ್ ಮುಖ ಗಂಟಿಕ್ಕಿದ. “ಮನೆ ಹೆಣ್ಣು ಮನೇಲಿರ್ಲಿ ಅಂತ ತಾನೇ? ನಿಂಗೇನ್ ಕಮ್ಮಿ ಆಯ್ತು? ಅನ್ನ ಇಲ್ವಾ, ಬಟ್ಟೆ ಇಲ್ವಾ?”

“ಎಮ್ಮೆಗೂ ಹುಲ್ಲು ಹಾಕ್ತೀಯ, ಚಾಸಿಬ್.”

ಶೇಖ್ ಗಡ್ಡ ನೀವಿಕೊಂಡು ಚಾಸಿಬನ ಕಡೆ ತಿರುಗಿದರು. ಬಟ್ಟಲು ತುಂಬಿದಂತೆಯೇ ವಾಪಸು ಹೋದರೆ ಕುಲದ ಮರ್ಯಾದೆ ಹೋಗುತ್ತದೆ ಎಂದಷ್ಟೇ ಹೇಳಿದರು. ಚಾಸಿಬ್ ಮಗನನ್ನು ನೋಡಿದ, ನೆಲವನ್ನು ನೋಡಿದ. ಸುಹಾದಳ ತಡೆ ತೆಗೆದಿದ್ದೇವೆ ಎಂದ. ಮತ್ತೆ, ದೊಡ್ಡ ಮನಸ್ಸು ತೋರಿಸುವವನಂತೆ, “ನಿಂದೂ ತೆಗೆದಿದೀನಿ, ಹೋಗು” ಎಂದ.

ಬದ್ರಿಯಾ ತಣ್ಣಗಾಗಿದ್ದ ಕಾಫಿಯನ್ನು ಕುಡಿದು ಎದ್ದು ನಿಂತಳು.

“ನಂದು ಹಾಗೇ ಇರ್ಲಿ,” ಎಂದಳು ಮೆಲ್ಲಗೆ. “ಕೂದಲು ನೆರೆತ ಮೇಲೆ ತೆಗೆದು ಪುಣ್ಯ ಕಟ್ಕೋಬೇಡ. ನಾಳೆ ಇನ್ಯಾವನಾದ್ರೂ ಆ ಮಾತಾಡಕ್ಕೆ ಬಂದ್ರೆ, ನೀವೆಲ್ಲ ಅವನಿಗೆ ನನ್ನನ್ನ ತೋರಿಸಿ.”