ಕಾರಿದ್ದವರ ಮನೆಯ ಕಾಲುಗಳು

ಆದಿಲಕ್ಷ್ಮಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕೂತರೆ ಕಾಲು ಜೋಮು ಹಿಡಿಯುತ್ತಿತ್ತು, ಎದ್ದರೆ ಪಾದ ಭಾರ. ಸಂಜೆ ಹೊತ್ತಿಗೆ ಕಾಲುಂಗುರ ಬೆರಳಲ್ಲಿ ಹೂತುಹೋಗುತ್ತಿತ್ತು. ದಿಬ್ಬೂರಹಳ್ಳಿಗೆ ಮೊದಲ ಕಾರು ತಂದ ಮನೆಯ ಸೊಸೆಗೆ ಇದೆಂಥ ಸಂಕಟ ಅಂತ ಬೀದಿಯವರು ಮೂಗಿನ ಮೇಲೆ ಬೆರಳಿಟ್ಟರು.

ರೇಷ್ಮೆಗೂಡಿಗೆ ಒಳ್ಳೆ ಬೆಲೆ ಸಿಕ್ಕ ವರ್ಷ ಗಂಡ ನರಸಿಂಹಪ್ಪ ಬೆಂಗಳೂರಿನಿಂದ ಹಳೇ ಕಪ್ಪು ಕಾರೊಂದನ್ನು ಕೊಂಡು ತಂದಿದ್ದ. ಅಲ್ಲಿಯವರೆಗೆ ಅವಳು ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ಹಿಪ್ಪುನೇರಳೆ ತೋಟಕ್ಕೆ ನಡೆಯುತ್ತಿದ್ದಳು. ಅತ್ತೆಯ ಮೇಲಿನ ಸಿಟ್ಟು, ತವರಿನ ಚಿಂತೆ ಎಲ್ಲ ದಾರಿಯಲ್ಲೇ ಸವೆದು, ಹಿಂತಿರುಗುವಾಗ ತಲೆಯ ಮೇಲೆ ಸೊಪ್ಪಿನ ಹೊರೆ ಮಾತ್ರ ಉಳಿದಿರುತ್ತಿತ್ತು.

"ಕಾರಿಟ್ಕೊಂಡೋನ ಹೆಂಡ್ತಿ ಹೊರೆ ಹೊತ್ಕೊಂಡು ನಡೆದ್ರೆ ನನ್ನ ಮರ್ಯಾದೆ ಏನಾಗ್ಬೇಕು ಕಣೇ?" ಅಂದ ಗಂಡ. ಸೊಪ್ಪು ತರಲು ಆಳುಗಳು ಬಂದರು. ಎದುರು ಬೀದಿಯ ಅರಿಶಿನ ಕುಂಕುಮಕ್ಕೂ ಅವಳು ಕಾರಲ್ಲೇ ಹೋಗಿ ಇಳಿಯಬೇಕಾಯಿತು. ಸಿಟ್ಟು, ಚಿಂತೆಗಳೆಲ್ಲ ಈಗ ಹೋಗಲು ದಾರಿಯಿಲ್ಲದೆ ಎದೆಯಲ್ಲೇ ಸುತ್ತುತ್ತಿದ್ದವು.

ಚಿಕ್ಕಬಳ್ಳಾಪುರದ ಡಾಕ್ಟರು ಅವಳ ಕಾಲನ್ನು ಹೆಬ್ಬೆರಳಲ್ಲಿ ಒತ್ತಿದರು. ಗುಳಿ ಹಾಗೇ ನಿಂತಿತು.

"ನಡೀತೀರೇನಮ್ಮಾ?"

"ಕಾರಿದೆ ಸ್ವಾಮಿ," ಅಂದ ನರಸಿಂಹಪ್ಪ.

"ಕಾರು ಹೇಗಿದೆ ಅಂತ ಕೇಳಲಿಲ್ಲ. ಇವರು ದಿನಾ ನಡೀಬೇಕು. ಇಲ್ದಿದ್ರೆ ರಕ್ತದೊತ್ತಡ ಇನ್ನೂ ಏರುತ್ತೆ." ಅವನ ಹೊಟ್ಟೆ ನೋಡಿ, "ನೀವೂ ಅಷ್ಟೇ," ಅಂದರು. ನರಸಿಂಹಪ್ಪ ನಕ್ಕುಬಿಟ್ಟ.

ಮರುದಿನ ಕಾರಿನ ಬಾಗಿಲು ತೆಗೆದು ಹಿಡಿದ. "ಹತ್ತು. ತೋಟಕ್ಕೆ ಬಿಡ್ತೀನಿ, ಅಲ್ಲಿ ಬೇಕಾದಷ್ಟು ನಡಿ. ಯಾರೂ ನೋಡಲ್ಲ."

ನಡೆಯಲು ಕಾರಲ್ಲಿ ಹೋಗುವುದು! ಆದರೂ ಹತ್ತಿದಳು. ಕಾರು ಏರಿ ಬಿಟ್ಟು, ಕೆರೆ ಸುತ್ತಿ ಗಾಡಿದಾರಿಯಲ್ಲಿ ಹೋಯಿತು. ನಾಲ್ಕು ಸಾಲು ನಡೆಯುವಷ್ಟರಲ್ಲಿ ಹಾರನ್ ಕೂಗಿತು. ತಾನೇ ಕೊಯ್ದ ಸೊಪ್ಪನ್ನು ಹಿಂದಿನ ಸೀಟಿನ ಮೇಲೆ, ಪೆಟ್ರೋಲು ಡಬ್ಬದ ಪಕ್ಕ ಇಟ್ಟು ಮನೆಗೆ ಬಂದಳು.

ರೇಷ್ಮೆಹುಳದ ಮನೆಯಲ್ಲಿ ಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಕಳೆದು ಎದ್ದಿದ್ದವು. ಗೂಡು ಕಟ್ಟುವ ಮುಂಚಿನ ಹಸಿವು. ಸೊಪ್ಪು ಹಾಕಿದರೆ ಸೋನೆ ಮಳೆಯ ಹಾಗೆ ಸದ್ದು ಬರಬೇಕು. ಅವಳು ತಟ್ಟೆಗಳ ಮೇಲೆ ಸೊಪ್ಪು ಹರಡಿದಳು. ಸದ್ದಿಲ್ಲ. ಹುಳುಗಳು ತಲೆಯೆತ್ತಿ ಸುಮ್ಮನಿದ್ದವು.

ಅತ್ತೆ ಅಕ್ಕಯ್ಯಮ್ಮ ಒಂದೆಲೆ ಎತ್ತಿ ಮೂಸಿದರು. ಸೊಸೆಯ ಸೆರಗನ್ನೂ ಮೂಸಿದರು. "ಥೂ! ಬೀಡಿ ಸೇದಿದೋನನ್ನೇ ಈ ಹೊಸಲು ದಾಟಿಸಲ್ಲ, ನೀನು ಗಾಸಲೇಟ್ ಎಣ್ಣೆ ಅಂಗಡೀನೇ ಹೊತ್ಕೊಂಡು ಬಂದಿದ್ದೀಯಲ್ಲೇ! ಕಾರು ಹತ್ತಿದ ಮೈಯಲ್ಲಿ ಇನ್ನು ಒಳಗೆ ಬರಬೇಡ. ನಿನ್ನ ಕೈ ಇಲ್ದೆ ಈ ಬೆಳೆ ಏಳಲ್ಲ, ತಿಳ್ಕೋ."

ನರಸಿಂಹಪ್ಪ ಓಡಿಹೋಗಿ ಗೋಡೆಯ ಪಕ್ಕ ನಿಲ್ಲಿಸಿದ್ದ ಕಾರನ್ನು ದೂರ ತಳ್ಳಿಸಿದ. ಆದಿಲಕ್ಷ್ಮಮ್ಮ ನೋಡುತ್ತ ನಿಂತಳು. ಹುಳು ಒಂದು ಹೊತ್ತು ಸೊಪ್ಪು ಬಿಟ್ಟಿದ್ದಕ್ಕೆ ಈ ಮನುಷ್ಯ ಓಡಿದ. ತನ್ನ ಕಾಲಲ್ಲಿ ಗುಳಿ ಬಿದ್ದ ದಿನ ಡಾಕ್ಟರ ಮುಂದೆ ನಕ್ಕಿದ್ದ.

ಸೀರೆ ಬದಲಾಯಿಸಿ, ಕುಡುಗೋಲು ಹಿಡಿದು ಹೊರಬಿದ್ದಳು.

"ಎಲ್ಲಿಗೇ?" ಗಂಡ ಕೇಳಿದ.

"ಬೇರೆ ಸೊಪ್ಪು ತರೋಕೆ."

"ಆಳುಗಳು ತರ್ತಾರೆ."

"ನಾನೂ ಹೋಗ್ತೀನಿ."

ಅವಳು ನಡೆದಳು. ಹಿಂದೆ ಕಾರಿನ ಗುರುಗುರು. ಬೀದಿಯುದ್ದಕ್ಕೂ ಅವಳ ಹೆಜ್ಜೆಯ ವೇಗದಲ್ಲೇ ತೆವಳುತ್ತ, "ಹತ್ತೇ, ಜನ ನೋಡ್ತಾರೆ" ಅನ್ನುತ್ತ ಬಂದ. ಬಾವಿಕಟ್ಟೆಯಿಂದ ಮಂಗಮ್ಮ ಕೂಗಿದಳು: "ಏನ್ ನರಸಿಂಹಪ್ಪಣ್ಣ, ಹೆಂಡ್ತಿ ಹಿಂದೆ ಮದ್ವೆ ಮೆರವಣಿಗೆನಾ?"

ಕೆರೆ ಏರಿಗೆ ಕಾರು ಹತ್ತಲಿಲ್ಲ. ಇಂಜಿನ್ನು ಕೆಮ್ಮಿ ನಿಂತಿತು. ಅವನು ಇಳಿದು ಬಿರಬಿರನೆ ಹತ್ತಿಬಂದ. ಅವಳ ಹತ್ತಿರ ಬರುವಷ್ಟರಲ್ಲಿ ಬಾಯಿ ತೆರೆದು ಏದುಸಿರು, ಹಣೆಯೆಲ್ಲ ಬೆವರು. ಬಯ್ಯಲು ಮಾತೇ ಹೊರಡದೆ ಏರಿಯ ಕಲ್ಲಿನ ಮೇಲೆ ಕುಸಿದು ಕೂತ.

ಆದಿಲಕ್ಷ್ಮಮ್ಮ ಗಕ್ಕನೆ ತಿರುಗಿ ಅವನ ಹತ್ತಿರ ಬಂದಳು. ಎತ್ತಿನ ಹಿಂದೆ ದಿನವಿಡೀ ನೇಗಿಲು ಹಿಡಿದಿದ್ದ ಗಂಡಸು. ಅವಳ ಕಾಲೂ ಸಿಡಿಯುತ್ತಿತ್ತು. ಆದರೆ ಉಸಿರು ಅವಳ ಹಿಡಿತದಲ್ಲಿತ್ತು.

ಅವನ ಉಸಿರು ಹದಕ್ಕೆ ಬರುವವರೆಗೆ ನಿಂತಿದ್ದಳು.

"ಏಳಿ," ಅಂದಳು. "ನಿಧಾನಕ್ಕೆ ಬನ್ನಿ. ಬಿಸಿಲೇರಿದ್ರೆ ಸೊಪ್ಪು ಬಾಡುತ್ತೆ."

ಅವನು ಕೆಳಗೆ ನಿಂತ ಕಾರನ್ನು ನೋಡಿದ, ಅವಳನ್ನು ನೋಡಿದ. ಮೊಣಕಾಲಿಗೆ ಕೈಯೂರಿ ಎದ್ದ.