ಕೊಂಡಿ ನೋಡಲು ಇಳಿದವಳು

ಗಾಡಿಗಳನ್ನು ಕೆಸರಿಗೆ ನುಗ್ಗಿಸಿ ಆಡುವ ಪಿಕೆಟ್ ಬಾಟಮ್ ಮೈದಾನದ ಗೇಟಿನಲ್ಲಿ ಬುಫೋರ್ಡ್ ಮುದುಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ. ಬಂದವರ ಕೈಗೆ ಕಿತ್ತಳೆ ಬಣ್ಣದ ಕಾಗದದ ಬಳೆ ತೊಡಿಸುವುದು ಅವನ ಕೆಲಸ, ಅವರ ಮನೆಯ ಸುದ್ದಿಯನ್ನೆಲ್ಲ ಕೆದಕುವುದು ಅವನ ಚಟ. ಆದರೆ ಹಾರ್ಲನ್‌ನ ಪಿಕಪ್ ಕಂಡದ್ದೇ ತಡ, ಮುದುಕನ ಬಾಯಿ ಕಟ್ಟಿಹೋಯಿತು. ಎದ್ದು ಬಂದು, ಗಾಡಿಯ ಹಿಂದೆ ಹೋಗಿ ಬಗ್ಗಿ ನೋಡಿದ. ಟ್ರೈಲರ್ ಕೂರಿಸುವ ಕಬ್ಬಿಣದ ಉಂಡೆ ಅಲ್ಲಿರಲಿಲ್ಲ. ಬರೀ ಚೌಕದ ತೂತು.

"ಚೆನ್ನಾಗಿದೀರಾ, ಮಿಸ್ಟರ್ ಬುಫೋರ್ಡ್?" ಅಂದ ಹಾರ್ಲನ್.

"ಮಣ್ಣಿನ ಮೇಲೇ ಇದೀನಿ, ಇನ್ನೂ ಕೆಳಗೆ ಹೋಗಿಲ್ಲ. ಅಷ್ಟು ಸಾಕು." ಮುದುಕ ಬಳೆ ತೊಡಿಸಿದ. ತೊಡಿಸಿದ ಮೇಲೂ ಅವನ ಕೈ ಬಿಡಲಿಲ್ಲ. "ನಿಮ್ಮಕ್ಕ ಹೊಳೆ ಕಡೆ ಪೈನ್ ಮರಗಳ ಹತ್ರ ಕ್ಯಾಂಪ್ ಹಾಕಿದಾಳೆ. ನಿನ್ನೆಯಿಂದ ಮೂರು ಸಲ ಬಂದು ಕೇಳಿದ್ಲು, ಹಾರ್ಲನ್ ಬಂದ್ನಾ ಅಂತ."

"ಯಾಕಂತೆ?"

"ನನ್ನ ಕೇಳ್ತೀಯಲ್ಲೋ, ನಾನೇನು ಅವಳ ಹೊಟ್ಟೆ ಒಳಗಿದೀನಾ?"

ಗೇಟಿನ ಕಂಬದ ಮೇಲೆ ಹಲಗೆಯೊಂದಿತ್ತು: ಉಂಡೆಗೆ ಪಟ್ಟಿ ಸಿಕ್ಕಿಸಿ ಗಾಡಿ ಎಳೆಯುವವರನ್ನು ಹೊರಗೆ ಹಾಕಲಾಗುವುದು. ಯಾರ ಹೆಸರೂ ಅದರಲ್ಲಿರಲಿಲ್ಲ. ಆದರೂ ಹಾರ್ಲನ್ ತಲೆ ತಗ್ಗಿಸಿಕೊಂಡೇ ಅದನ್ನು ದಾಟಿದ.

ಐದು ವರ್ಷದ ಹಿಂದೆ ಇದೇ ಏಪ್ರಿಲ್‌ನಲ್ಲಿ ಅವನ ಭಾವ ಡೆವಿಟ್‌ನ ಬಗ್ಗಿ, ಅಂದರೆ ಕೆಸರಲ್ಲಿ ಓಡಿಸುವ ಪುಟ್ಟ ಗಾಡಿ, ಇಲ್ಲಿನ ದೊಡ್ಡಮ್ಮನ ಹೊಂಡವೆಂಬ ಕೆಸರುಗುಂಡಿಯಲ್ಲಿ ಹೂತುಹೋಗಿತ್ತು. ಮಳೆ ಮೋಡ ಕವಿಯುತ್ತಿತ್ತು. ಹೊಟ್ಟೆ ಹಸಿದಿತ್ತು. ಪಟ್ಟಿ ಸಿಕ್ಕಿಸಬೇಕಾದ ಉಕ್ಕಿನ ಕೊಂಡಿ ಕ್ಯಾಂಪಿನ ಡಬ್ಬಿಯಲ್ಲೇ ಉಳಿದಿತ್ತು. ತರಬೇಕೆಂದರೆ ಹತ್ತು ನಿಮಿಷದ ದಾರಿ. ಒಂದೇ ಎಳೆತ ತಾನೆ, ಏನಾಗುತ್ತೆ ಎಂದು ಹಾರ್ಲನ್ ತನ್ನ ಪಿಕಪ್ಪಿನ ಹಿಂದಿದ್ದ ಉಂಡೆಗೇ ಪಟ್ಟಿಯ ಕುಣಿಕೆ ಹಾಕಿದ. ಉಂಡೆಗೆ ಪಟ್ಟಿ ಹಾಕಿ ಎಳೆದರೆ ಅದು ಮುರಿದು ಗುಂಡಿನಂತೆ ಹಾರುತ್ತದೆ ಎಂಬುದು ನಮ್ಮ ಮಿಸಿಸಿಪ್ಪಿಯ ಗಂಡಸರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಮೀಸೆ ಮೂಡುವ ಮೊದಲೇ ಅಪ್ಪಂದಿರು ಹೇಳಿರುತ್ತಾರೆ. ಗೊತ್ತಿದ್ದೂ ಮಾಡುತ್ತಾರಲ್ಲ, ಅದೇ ದರಿದ್ರ. ಪಟ್ಟಿ ರಬ್ಬರಿನ ಹಾಗೆ ಹಿಗ್ಗಿತು, ಉಂಡೆ ಬುಡದಲ್ಲಿ ಮುರಿಯಿತು, ಮುರಿದದ್ದು ಹಾರಿಹೋಗಿ ಬಗ್ಗಿಯಲ್ಲಿ ಕೂತಿದ್ದ ಡೆವಿಟ್‌ಗೆ ಬಡಿಯಿತು. ಆಸ್ಪತ್ರೆ ತಲುಪುವವರೆಗೂ ಅವನು ಉಳಿಯಲಿಲ್ಲ.

ಅಕ್ಕ ಜೂನೆಟ್ ಅವನಿಗೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಂತ್ಯಕ್ರಿಯೆಯ ದಿನ ಚರ್ಚಿನ ಬಾಗಿಲಲ್ಲಿ ನಿಂತು, ಊರವರಿಗೆಲ್ಲ ಕೊಟ್ಟ ಹಾಗೆ ಅವನಿಗೂ ಕೈ ಕೊಟ್ಟು, "ಬಂದಿದ್ದಕ್ಕೆ ಥ್ಯಾಂಕ್ಸ್" ಅಂದಳು. ಆಮೇಲೆ ಐದು ವರ್ಷ ಮಾತಿಲ್ಲ, ಕತೆಯಿಲ್ಲ. ಇಬ್ಬರ ಮನೆಗೂ ನಡುವೆ ನಲವತ್ತು ಮೈಲಿ. ಅವನು ದೋಣಿ ಮಾರಿಬಿಟ್ಟ, ಟ್ರೈಲರ್ ಮಾರಿಬಿಟ್ಟ, ಉಂಡೆ ಬೇಕಾಗುವ ಯಾವುದನ್ನೂ ಇಟ್ಟುಕೊಳ್ಳಲಿಲ್ಲ.

ಕಳೆದ ವಾರ ಫೋನಿಗೆ ಅವಳ ಸಂದೇಶ ಬಂತು. 'ಶನಿವಾರ ಪಿಕೆಟ್‌ನಲ್ಲಿ ಇರ್ತೀನಿ. ಬಾ. ಸಾಸೇಜ್ ತಗೊಂಡು ಬಾ.' ಹಾರ್ಲನ್ ಅದನ್ನು ಎಷ್ಟು ಸಲ ಓದಿದನೋ ಅವನಿಗೇ ಗೊತ್ತಿಲ್ಲ. ಬೇಡವಾದವನ ಹತ್ತಿರ ಯಾರಾದರೂ ಸಾಸೇಜ್ ತರಿಸುತ್ತಾರಾ? ಇಲ್ಲ, ಕೊನೆಯದಾಗಿ ಮುಖಕ್ಕೆ ಉಗಿದು ಕಳಿಸೋಣ ಎಂದೇ ಕರೆದಳೋ? ತಾನು ಅವಳಿಗೆ ಇನ್ನೂ ತಮ್ಮನೋ ಅಲ್ಲವೋ, ಅದೊಂದು ತಿಳಿದರೆ ಸಾಕಿತ್ತು. ಅಷ್ಟಕ್ಕೇ ಅವನು ಬಂದದ್ದು.

ಜೂನೆಟ್ ಒಲೆಯ ಮುಂದೆ ನಿಂತು ಬೀನ್ಸ್ ಕಾಳು ಬೇಯಿಸುತ್ತಿದ್ದಳು. ಕೂದಲು ಪೂರ್ತಿ ನರೆತಿತ್ತು. ಅವನನ್ನು ನೋಡಿ ಸೌಟು ಕೆಳಗಿಡಲಿಲ್ಲ.

"ಬಂದ್ಯಾ. ಸಾಸೇಜ್ ಆ ಐಸ್ ಪೆಟ್ಟಿಗೇಲಿಡು."

"ಹೇಗಿದೀಯಾ ಅಕ್ಕಾ?"

"ಕಾಣಲ್ವಾ? ಮುದುಕಿ ಆಗಿದೀನಿ. ನೀನೂ ಏನು ಕಮ್ಮಿ ಇಲ್ಲ, ಹೊಟ್ಟೆ ನೋಡು." ಹಾಗೆಂದವಳು ನಗಲಿಲ್ಲ. ಮೆಕ್ಕೆಜೋಳದ ರೊಟ್ಟಿಯ ಮೇಲೆ ಕಾಳು ಸುರಿದು ಅವನ ಕೈಗೆ ಕೊಟ್ಟಳು. "ತಿನ್ನು. ಆಮೇಲೆ ದೊಡ್ಡಮ್ಮನ ಹೊಂಡಕ್ಕೆ ಹೋಗೋದಿದೆ."

ಅವನು ರೊಟ್ಟಿ ಕೆಳಗಿಟ್ಟ. "ಅಲ್ಲಿಗ್ಯಾಕೆ? ಬೇರೆ ಕಡೆ ಹೋಗೋಣ. ಹೊಳೆ ಕಡೆ ದಾರಿ ಚೆನ್ನಾಗಿದೆ."

"ಅಲ್ಲಿಗೇ ಹೋಗಬೇಕು."

ಮರಗಳ ಹಿಂದೆ ಡೆವಿಟ್‌ನ ಬಗ್ಗಿ ನಿಂತಿತ್ತು. ಮುಂದಿನ ಗಾಜು ಹೊಸದು. ಅವಳೇ ಹತ್ತಿ ಕೂತಳು. ಅವನು ಪಿಕಪ್‌ನಲ್ಲಿ ಹಿಂಬಾಲಿಸಿದ. ಈ ಹೆಂಗಸು ಏನು ಮಾಡಲು ಹೊರಟಿದ್ದಾಳೆ ಎಂದು ಅವನಿಗೆ ಅರ್ಥವಾಗಲಿಲ್ಲ.

ದೊಡ್ಡಮ್ಮನ ಹೊಂಡದ ದಂಡೆಯ ಮೇಲೆ ಆಗಲೇ ಜಾತ್ರೆಯಂತೆ ಜನ. ಮಡಚುವ ಕುರ್ಚಿಗಳು, ಬಿಯರ್ ಡಬ್ಬಿಗಳು, ಜೋರು ಹಾಡು. ಯಾರ ಗಾಡಿ ಹೂತರೂ ಕೇಕೆ ಹಾಕುವುದು, ಕೇಕೆ ಹಾಕಿದವರೇ ಇಳಿದು ಎಳೆದು ಹಾಕುವುದು, ಇದು ಇಲ್ಲಿಯ ಪದ್ಧತಿ. ಜೂನೆಟ್ ಹಿಂದೆ ಮುಂದೆ ನೋಡದೆ ಬಗ್ಗಿಯನ್ನು ನೀರಿಗೆ ನುಗ್ಗಿಸಿದಳು. ಅರ್ಧ ಹೊಂಡ ದಾಟಿದಳು. ಅಲ್ಲಿ ನಾಲ್ಕೂ ಟಯರುಗಳು ಕೆಂಪು ಕೆಸರನ್ನು ಆಕಾಶಕ್ಕೆ ಎರಚಿ, ಸುತ್ತಿ ಸುತ್ತಿ, ಕೊನೆಗೆ ಕಚ್ಚಿಕೊಂಡು ಕೂತುಬಿಟ್ಟವು. ದಂಡೆಯ ಮೇಲೆ ಒಂದೇ ಕೂಗಾಟ.

ಗಡ್ಡದವನೊಬ್ಬ ಎದ್ದು, "ಎಳೀಲಾ ಮೇಡಂ?" ಎಂದು ಕೂಗಿದ.

"ಬೇಡಪ್ಪಾ," ಅವಳೂ ಕೂಗಿದಳು. "ನನ್ನ ತಮ್ಮ ಇದಾನೆ."

ಆ ಮಾತಿಗೆ ಹಾರ್ಲನ್‌ನ ಕಣ್ಣಲ್ಲಿ ನೀರೇ ಬಂತು. ಪಿಕಪ್ಪನ್ನು ಹಿಂದಕ್ಕೆ ತಂದು ನಿಲ್ಲಿಸಿದ. ಚೌಕದ ತೂತಿಗೆ, ಈಗ ಸದಾ ಗಾಡಿಯಲ್ಲೇ ಇಟ್ಟುಕೊಳ್ಳುತ್ತಿದ್ದ ಉಕ್ಕಿನ ಕೊಂಡಿ ಕೂರಿಸಿ, ತಿರುಪು ಮೊಳೆ ಹಾಕಿ ತಿರುಗಿಸಿ, ಪಟ್ಟಿ ಸಿಕ್ಕಿಸಿ, ಎರಡು ಸಲ ಜಗ್ಗಿ ನೋಡಿದ. ಇನ್ನೊಂದು ತುದಿಯನ್ನು ಅವಳತ್ತ ಎಸೆದ. ಅವಳು ಅದನ್ನು ಬಗ್ಗಿಯ ಮುಂದಿನ ಕೊಕ್ಕೆಗೆ ಹಾಕಿದಳು. ಇವನು ಹೋಗಿ ಸ್ಟೇರಿಂಗ್ ಹಿಡಿದು ಕೂತ.

ಕನ್ನಡಿಯಲ್ಲಿ ನೋಡಿದರೆ ಅಕ್ಕ ಬಗ್ಗಿಯಿಂದ ಇಳಿಯುತ್ತಿದ್ದಾಳೆ. ಸೊಂಟದವರೆಗೆ ಕೆಸರು. ಒಂದೊಂದು ಕಾಲನ್ನೂ ಕಿತ್ತು ಕಿತ್ತು ಇಡುತ್ತ ಇವನ ಗಾಡಿಯ ಕಡೆಗೇ ಬರುತ್ತಿದ್ದಾಳೆ. ಬಂದವಳು ಕೊಂಡಿಯ ಮೇಲೆ ಕೈಯಿಟ್ಟು, ಮೊಳೆ ಮುಟ್ಟಿ, ಪಟ್ಟಿಯನ್ನು ಬೆರಳಿಂದ ತಡವಿದಳು. ದಂಡೆಯ ಮೇಲೆ ಹಾಡು ನಿಂತಿತು. ಅಲ್ಲಿದ್ದ ಅರ್ಧ ಜನಕ್ಕೆ ಹಳೆಯ ಕತೆ ಗೊತ್ತಿತ್ತು.

ಹಾರ್ಲನ್ ಬಾಗಿಲು ತೆರೆದು ಇಳಿದು ಬಂದ.

"ಇದಕ್ಕೇ ಕರೆಸಿದ್ಯಾ?" ಅಂದ. "ಎಲ್ಲರ ಮುಂದೆ ಹೀಗೆ ಮಾಡೋಕಾ? ನನ್ನ ನಂಬಬೇಡ, ಸರಿ. ನಾನು ಅದಕ್ಕೆ ಲಾಯಕ್ಕೇ. ಆ ಗಡ್ಡದವನಿಗೆ ಹೇಳಬಹುದಿತ್ತಲ್ಲ!"

"ಮೆಲ್ಲಗೆ ಮಾತಾಡು."

"ಐದು ವರ್ಷ ಆಯ್ತು ಅಕ್ಕಾ. ಉಗಿಯೋದಿದ್ರೆ ಉಗಿದುಬಿಡು."

ಜೂನೆಟ್ ಕೊಂಡಿಯಿಂದ ಕೈ ತೆಗೆಯಲಿಲ್ಲ. "ಅವತ್ತು ನೀನು ಗಾಡಿ ಒಳಗೆ ಕೂತಿದ್ದೆ, ಇಂಜಿನ್ ಸದ್ದಿಗೆ ನಿನಗೆ ಏನೂ ಕೇಳಿಸಲಿಲ್ಲ. ನಾನು ಆ ದಂಡೆ ಮೇಲೆ, ಅಲ್ಲಿ, ಆ ಬೇಲಿ ಹತ್ರ ನಿಂತಿದ್ದೆ. ಡೆವಿಟ್‌ಗೆ ಹೇಳಿದೆ, ಕೊಂಡಿ ಹಾಕಿದಾನಾ, ಒಂದ್ಸಲ ಹೋಗಿ ನೋಡ್ಕೊಂಡು ಬಾ ಅಂತ. ಅವನು ನಕ್ಕ. ಹಾರ್ಲನ್ ಸಿಕ್ಕಿಸಿದ ಮೇಲೆ ನಾನೇನೇ ನೋಡೋದು, ಹೊಸ ಬೂಟು ಕೆಸರಾಗತ್ತೆ ಕಣೇ, ಅಂದ."

ಈ ಮಾತನ್ನು ಹಾರ್ಲನ್ ಯಾವತ್ತೂ ಕೇಳಿರಲಿಲ್ಲ.

"ಮತ್ತೆ ನಾನು," ಅಂದಳು ಅವಳು. "ನನಗೂ ಅಪ್ಪ ಹೇಳಿಕೊಟ್ಟಿದ್ದಲ್ವಾ, ನಿನಗೊಬ್ಬನಿಗೇನಾ? ಬೇಲಿಯಿಂದ ನಿನ್ನ ಗಾಡಿಗೆ ಹತ್ತು ಹೆಜ್ಜೆ. ಹತ್ತೇ ಹೆಜ್ಜೆ, ಹಾರ್ಲನ್. ಗಂಡಸರ ಕೆಲಸ, ನಾನ್ಯಾಕೆ ಮೂಗು ತೂರಿಸಲಿ ಅಂತ ಕೈ ಕಟ್ಕೊಂಡು ನಿಂತೆ. ಊರೆಲ್ಲ ನಿನ್ನ ಬೈದ್ರು. ನಾನು ಬೈಯೋರ ಬಾಯಿ ಮುಚ್ಚಿಸಲಿಲ್ಲ. ನಿನ್ನ ಮುಖ ನೋಡಿದ್ರೆ ಇದನ್ನ ಹೇಳಲೇಬೇಕಾಗತ್ತೆ ಅಂತ ಐದು ವರ್ಷ ನಿನ್ನ ಕರೀಲಿಲ್ಲ. ಅಷ್ಟು ಹೇಡಿ ನಾನು."

"ನೀನು ಬಂದಿದ್ರೂ ನಾನು ಕೇಳ್ತಿರಲಿಲ್ಲ," ಅಂದ ಹಾರ್ಲನ್. "ಹೋಗೇ, ನಿನಗೇನು ಗೊತ್ತಾಗತ್ತೆ ಅಂತಿದ್ದೆ." ಅವಳನ್ನು ಸಮಾಧಾನ ಮಾಡಲು ಆಡಿದ ಮಾತಲ್ಲ ಅದು. ಅವನು ಹಾಗೇ ಅಂದಿರುತ್ತಿದ್ದ.

"ಗೊತ್ತು. ಆದ್ರೂ ಬರಬೇಕಿತ್ತು." ಕೆಸರಿನ ಕೈಯಿಂದಲೇ ಮೂಗು ಒರೆಸಿಕೊಂಡಳು. "ನಿನ್ನ ಮೇಲಿನ ಸಿಟ್ಟು ಯಾವತ್ತೋ ಹೋಯ್ತು ಕಣೋ. ಆ ಬೂಟಿನವನ ಮೇಲೆ ಇನ್ನೂ ಹೋಗಿಲ್ಲ. ದಿನಾ ಬೈತೀನಿ, ಫೋಟೋ ಮುಂದೆ ನಿಂತು."

ಹಾರ್ಲನ್ ಬೂಟು ಬಿಚ್ಚದೆ ಹಾಗೇ ಹೊಂಡಕ್ಕೆ ಇಳಿದ. ಏಪ್ರಿಲ್‌ನ ತಣ್ಣನೆಯ ನೀರು ತೊಡೆ ಕೊರೆಯಿತು. ಬಗ್ಗಿಯ ತನಕ ಹೋಗಿ, ಅಕ್ಕ ಸಿಕ್ಕಿಸಿದ್ದ ಕೊಕ್ಕೆಯನ್ನು ಕೆಸರಿನೊಳಗೆ ಕೈ ಹಾಕಿ ತಡವಿ ನೋಡಿದ. ಪಟ್ಟಿ ಒಂದು ಕಡೆ ತಿರುಚಿಕೊಂಡಿತ್ತು.

"ಇದೇನು ಸಿಕ್ಕಿಸಿದೀಯಾ, ಜಡೆ ಹಾಕಿದೀಯಾ?" ಎಂದು ಕೂಗಿದ.

"ಸರಿ ಮಾಡಪ್ಪಾ ದೊಡ್ಡ ಮನುಷ್ಯ, ಅದಕ್ಕೇ ತಾನೆ ನೋಡೋದು!"

ದಂಡೆಯ ಮೇಲೆ ಯಾರೋ ನಕ್ಕರು. ಹಾಡು ಮತ್ತೆ ಶುರುವಾಯಿತು. ಪಟ್ಟಿ ನೇರ ಮಾಡಿ, ಹರಿದರೂ ಹಾರದಂತೆ ಅದರ ಮೇಲೊಂದು ಒದ್ದೆ ಕೋಟು ಹೊದಿಸಿ, ನಿಂತಿದ್ದವರನ್ನೆಲ್ಲ ದೂರ ಸರಿಸಿ ಅವನು ಪಿಕಪ್ ಹತ್ತಿದ. ಅಕ್ಕ ಬಗ್ಗಿಯಲ್ಲಿ ಕೂತು ಕೈ ಎತ್ತುವವರೆಗೂ ಕಾದ. ಆಮೇಲೆ ಮೆಲ್ಲಗೆ, ಮೊಟ್ಟೆಯ ಮೇಲೆ ಕಾಲಿಟ್ಟವನಂತೆ ಎಳೆದ. ಪಟ್ಟಿ ಬಿಗಿಯಿತು. ಹೊಂಡ ಲೊಚಕ್ಕನೆ ಸದ್ದು ಮಾಡಿ ಬಗ್ಗಿಯನ್ನು ಬಿಟ್ಟುಕೊಟ್ಟಿತು.

ದಂಡೆ ಹತ್ತಿದ ಮೇಲೆ ಇಬ್ಬರೂ ಪಿಕಪ್ಪಿನ ಹಿಂಬಾಗಿಲ ಮೇಲೆ ಅಕ್ಕಪಕ್ಕ ಕೂತರು. ಕೆಸರಿನಲ್ಲಿ ಅಕ್ಕ ಯಾರು ತಮ್ಮ ಯಾರು ಎಂದು ಹೇಳುವ ಹಾಗಿರಲಿಲ್ಲ. ಜೂನೆಟ್ ಹಾರ್ಲನ್‌ನ ಕೈ ಹಿಡಿದುಕೊಂಡಳು.

"ಟೆಂಟ್ ತಂದಿದೀಯಾ?"

"ಇಲ್ಲ. ಮಾತು ಮುಗಿದ ತಕ್ಷಣ ಹೊರಟುಬಿಡೋಣ ಅಂತ ಬಂದೆ."

"ನನ್ನ ಕ್ಯಾಂಪರ್ ಗಾಡಿಯೊಳಗೆ ಮಲಗೋಕೆ ಎರಡು ಮಂಚ ಇದೆ," ಅಂದಳು ಜೂನೆಟ್. "ಒಂದರ ಮೇಲೆ ಐದು ವರ್ಷದಿಂದ ಬರೀ ಡಬ್ಬಿ ಪೇರಿಸಿಟ್ಟಿದೀನಿ. ಬಾ, ಇಳಿಸೋಕೆ ಕೈ ಹಾಕು."