ಫಲಕದಲ್ಲಿಲ್ಲದ ಹೆಸರು

ನಮ್ಮ ‘ಲಾಂಗ್‌ವಾರ್ಡನ್’ ಯುದ್ಧನೌಕೆಗೆ ಹೆಸರು, ಬೆಳ್ಳಕ್ಕಿಯ ಲಾಂಛನ, ಗಂಟೆ ಎಲ್ಲವೂ ಜರ್ಮನಿಯ ಚಕ್ರವರ್ತಿ ಕೈಸರನ ಕಾಲದ ಹಳೆಯ ಹಡಗಿನಿಂದಲೇ ಬಂದಿದ್ದವು. ಅದರಲ್ಲಿ ಸತ್ತ ಮೂವತ್ತೇಳು ಮಂದಿಯ ಹೆಸರು ಕೆತ್ತಿದ ಹಿತ್ತಾಳೆ ಫಲಕವೂ ಬಂದಿತ್ತು. ಪ್ರತಿ ನವೆಂಬರಿನಲ್ಲಿ ವಿಲ್ಹೆಲ್ಮ್ಸ್‌ಹಾಫನ್ ಬಂದರಿಗೆ ಅವರ ಮನೆಯವರನ್ನು ಕರೆದು ಹೆಸರು ಓದುತ್ತಿದ್ದೆವು. ಒಂದು ಹೆಸರಿಗೆ ಗಂಟೆಯ ಒಂದು ಏಟು. ಹನ್ನೊಂದು ವರ್ಷದಿಂದ ಗಂಟೆಯ ಹಗ್ಗ ನನ್ನ ಕೈಯಲ್ಲಿತ್ತು. ಫಲಕ ತಿಕ್ಕುವವನೂ ನಾನೇ, ಹಾಗಾಗಿ ಹೆಸರುಗಳೆಲ್ಲ ಬಾಯಿಪಾಠ.

ಹನ್ನೊಂದು ವರ್ಷವೂ ಗೇಟಿನ ಹೊರಗೆ ಒಬ್ಬ ಮುದುಕಿ ನಿಂತಿರುತ್ತಿದ್ದಳು. ಹೆಸರು ಟೊಮ್ಮಾ ಗೆರ್ಡೆಸ್. ಅವಳ ಅಪ್ಪ ಫೋಕೊ ಹಳೆಯ ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ತುಂಬುತ್ತಿದ್ದ. ಕೊಳೆತ ಟರ್ನಿಪ್ ಗಡ್ಡೆ ತಿಂದು ದುಡಿಯಲಾರೆ ಎಂದು ೧೯೧೭ರಲ್ಲಿ ಸಲಿಕೆ ಕೆಳಗಿಟ್ಟ. ಅಧಿಕಾರಿಗಳು ಗುಂಡಿಟ್ಟು ಕೊಂದರು. ಟೊಮ್ಮಾ ಆಗ ತೊಟ್ಟಿಲಲ್ಲಿದ್ದಳು. ಸಾಯುವ ಮೊದಲು ಅಪ್ಪನ ಹೆಸರಿಗೊಂದು ಏಟು ಕೇಳಬೇಕು, ಅಷ್ಟೇ ಅವಳ ಆಸೆ. ಬರೆದ ಅರ್ಜಿಗಳಿಗೆಲ್ಲ ಒಂದೇ ಉತ್ತರ: ಫಲಕವಿರುವುದು ಹೋರಾಡಿ ಸತ್ತವರಿಗೆ, ತಿರುಗಿಬಿದ್ದವರಿಗಲ್ಲ. ಅವಳು ಗೇಟಿನ ಬಳಿ ತೋರಿಸಿದ ಆ ಕಾಗದ ಓದಿ ನನಗೆ ಮೈಯೆಲ್ಲ ಉರಿದುಹೋಯಿತು.

ಅವಳಿಗೆ ಎಪ್ಪತ್ತು ತುಂಬಿದ ವರ್ಷ ನಾನೇ ಕೈ ಹಿಡಿದು ಹಡಗಿಗೆ ಕರೆತಂದೆ.

“ಯಾರಿವರು?” ಎಂದ ಉಪನಾಯಕ ಬ್ರಾಕ್‌ವೆಡೆ.

“ನಮ್ಮ ದೊಡ್ಡಮ್ಮ, ಸಾರ್.”

“ಓನ್ನೊ, ನಿಂಗೆ ದೊಡ್ಡಮ್ಮ ಯಾವಾಗಿಂದ?”

“ಬೆಳಗ್ಗೆಯಿಂದ, ಸಾರ್.”

ಗೇಟಿನ ಹೊರಗೆ ನಿಲ್ಲುವ ಮುದುಕಿ ಇವಳೇ ಎಂದು ಅವನಿಗೆ ಗುರುತು ಸಿಕ್ಕಿತು. ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದ: “ಮೂವತ್ತೇಳು ಏಟು. ಒಂದು ಜಾಸ್ತಿ ಆದ್ರೂ ನಿನ್ನ ಬಡ್ತಿ ಮರ್ತ್‌ಬಿಡು.”

ಮೂವತ್ತೇಳು ಹೆಸರೂ ಮುಗಿದವು. ಬ್ರಾಕ್‌ವೆಡೆ ಹೆಸರು ಓದಿದ ಕಾಗದ ಮಡಚಿದ. ಆಗ ಅತಿಥಿಗಳ ಸಾಲಿನಲ್ಲಿ ಟೊಮ್ಮಾ ಎದ್ದು ನಿಂತಳು.

“ಫೋಕೊ ಗೆರ್ಡೆಸ್!”

ಆ ಗಂಟಲಲ್ಲಿ ಅಷ್ಟು ದನಿ ಇದ್ದೀತೆಂದು ನಾನು ಎಣಿಸಿರಲಿಲ್ಲ. ಸುಳ್ಳೇಕೆ, ನನಗೆ ಹೆದರಿಕೆಯಾಯಿತು. ಆ ಬಡ್ತಿಗೆ ಆರು ವರ್ಷ ಕಾದಿದ್ದೆ. ಬ್ರಾಕ್‌ವೆಡೆ ನನ್ನತ್ತ ಬೆರಳೆತ್ತಿ ಬೇಡವೆಂದು ಆಡಿಸಿದ. ಆ ಬೆರಳು ಕಂಡದ್ದೇ ತಡ, ಹೆದರಿಕೆಯೆಲ್ಲ ಸಿಟ್ಟಾಯಿತು. ಹಗ್ಗ ಜಗ್ಗಿದೆ.

“ಯಾರು ಹೇಳಿದ್ರು ನಿಂಗೆ ಬಾರಿಸು ಅಂತ?” ಬ್ರಾಕ್‌ವೆಡೆ ಅರಚಿದ.

“ಹೆಸ್ರು ಕೂಗಿದ್ರು ಸಾರ್, ಬಾರಿಸ್ದೆ. ನಮ್ಮ ಪದ್ಧತಿ ಅದೇ ತಾನೆ?”

“ಮುಂದಿನ ವರ್ಷ ಈ ಹಗ್ಗ ನಿನ್ನ ಕೈಲಿರಲ್ಲ, ನೋಡ್ತಿರು!”

“ಮುಂದಿನ ವರ್ಷ ನಾನೂ ಇರ್ತೀನೋ ಇಲ್ವೋ,” ಎಂದಳು ಟೊಮ್ಮಾ. ಅವನ ಕಡೆ ಅವಳು ತಿರುಗಿಯೂ ನೋಡಲಿಲ್ಲ. “ಮಗಾ, ಈ ಸಾಹೇಬ್ರ ಗಲಾಟೇಲಿ ಸರಿಯಾಗಿ ಕೇಳಿಸ್ಲೇ ಇಲ್ಲ. ಇನ್ನೊಂದ್ಸಲ ಬಾರಿಸು.”

ಬಾರಿಸಿದೆ.